ಅಪಾರ್ಟ್‌ಮೆಂಟಿನ ಬಿಸಿನೀರು: ಮನೆಗೊಂದು ಗೀಸರೋ, ಎಲ್ಲರಿಗೂ ಒಂದೇ ಟಾಕಿಯೋ?

ಕಲಬುರಗಿಯ ಅಪಾರ್ಟ್‌ಮೆಂಟುಗಳಲ್ಲಿ ಬಿಸಿನೀರಿನ ಜಗಳ ದೀಪಾವಳಿಗೆ ಶುರುವಾಗಿ ಶಿವರಾತ್ರಿಗೆ ಮುಗಿಯುತ್ತದೆ. ಚಳಿ ಶಿವಶಿವಾ ಎಂದು ಹೋದ ಮೇಲೆ ಯಾರಿಗೂ ಅದರ ನೆನಪಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರೇ ಮಧ್ಯಾಹ್ನಕ್ಕೆ ಕೈ ಸುಡುವಷ್ಟು ಕಾದಿರುತ್ತದೆ. ರಾತ್ರಿಯೇ ಬಕೀಟು ತುಂಬಿಟ್ಟು ತಣ್ಣಗಾದ ನೀರಿನಲ್ಲಿ ಬೆಳಿಗ್ಗೆ ಜಳಕ ಮಾಡುವ ಮನೆಗಳು ಎಷ್ಟೋ. ಅಂದರೆ ಇಲ್ಲಿ ಬಿಸಿನೀರಿನ ವ್ಯವಸ್ಥೆಗೆ ಹಾಕುವ ರೊಕ್ಕ ಹೆಚ್ಚೆಂದರೆ ನಾಲ್ಕು ತಿಂಗಳು ಪೂರ್ತಿ ದುಡಿಯುತ್ತದೆ, ಮಳೆಗಾಲದಲ್ಲಿ ಅರ್ಧ ದುಡಿಯುತ್ತದೆ, ಉಳಿದ ಕಾಲ ಬಿಸಿಲಿಗೆ ಒಣಗುತ್ತದೆ. ಬೆಂಗಳೂರು, ಪುಣೆಯ ಹವೆಗೆ ಬರೆದ ಕೊಟೇಶನ್ನಿನಲ್ಲಿ ಈ ಲೆಕ್ಕ ಇರುವುದಿಲ್ಲ.

ಈ ಬರಹ ಹನ್ನೆರಡರಿಂದ ಇಪ್ಪತ್ತನಾಲ್ಕು ಮನೆಗಳ ಕಟ್ಟಡಗಳಿಗೆ. ಜೇವರ್ಗಿ ರಸ್ತೆ, ಸೇಡಂ ರಸ್ತೆಯಲ್ಲಿ ಎದ್ದಿರುವವು ಹೆಚ್ಚಾಗಿ ಈ ಅಳತೆಯವೇ, ಬೀದರಿನಲ್ಲೂ ಅಷ್ಟೇ. ಯಾದಗಿರಿಯಲ್ಲಿ ಇನ್ನೂ ಕಡಿಮೆ, ಆದರೆ ಬರುತ್ತಿವೆ. ಚಳಿ ದೇಶಗಳಲ್ಲಿ ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇಟ್ಟು, ಅದರಿಂದಲೇ ಕೋಣೆಯನ್ನೂ ಬೆಚ್ಚಗಿಟ್ಟು ಜಳಕಕ್ಕೂ ನೀರು ಕೊಡುತ್ತಾರೆ. ಕೋಣೆ ಬೆಚ್ಚಗಿಡುವ ಮಾತು ನಮಗೆ ಬೇಕಿಲ್ಲ, ನಮ್ಮ ಚಿಂತೆ ಅದರ ತದ್ವಿರುದ್ಧ. ಆದರೆ ಒಂದೇ ಕಡೆ ನೀರು ಕಾಯಿಸಿ ಹಲವು ಮನೆಗೆ ಹಂಚುವಾಗ ಏಳುವ ತಕರಾರು ಅಲ್ಲಿಯದೂ ಇಲ್ಲಿಯದೂ ಒಂದೇ: ಕೀಲಿ ಯಾರ ಕೈಯಲ್ಲಿ, ರೊಕ್ಕ ಯಾರ ಕೈಯಿಂದ. ಯಾವ ಯಂತ್ರ ಒಳ್ಳೆಯದು ಎಂಬ ಪ್ರಶ್ನೆಯನ್ನು ಇವೆರಡು ಇತ್ಯರ್ಥವಾದ ಮೇಲೆ ಕೇಳುವುದು ಲೇಸು.

ಮೊದಲು ನಿಮಗೆ ಎಷ್ಟು ಬೇಕು

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ನೂರು ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು ನಾಲ್ಕೂವರೆ ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು. ಕಾಯಿಲ್ ಯಾವ ಕಂಪನಿಯದಾದರೂ ಈ ಲೆಕ್ಕ ಬದಲಾಗುವುದಿಲ್ಲ. ‘ಕರೆಂಟ್ ಉಳಿಸುವ ಕಾಯಿಲ್’ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಸುಮ್ಮನಾಗಬಹುದು.

ನಮ್ಮ ಕಡೆ ಜಳಕ ಬಕೀಟಿನ ಲೆಕ್ಕ. ತಲೆಗೆ ಎರಡು ಬಕೀಟು, ಅಂದರೆ ಹದವಾದ 40 ಲೀಟರ್. ಅರ್ಧ ಬಿಸಿ, ಅರ್ಧ ತಣ್ಣೀರು ಬೆರೆಸಿದರೆ 60 ಡಿಗ್ರಿಯ ನೀರು ತಲೆಗೆ 20 ಲೀಟರ್ ಸಾಕು. ನಾಲ್ಕು ಮಂದಿಯ ಮನೆಗೆ ದಿನಕ್ಕೆ 80 ಲೀಟರ್, ಮೂರೂಮುಕ್ಕಾಲು ಯೂನಿಟ್ಟಿನಷ್ಟು ಶಾಖ. ಹದಿನಾರು ಮನೆ ಎಂದು ಹಿಡಿದರೆ 1,280 ಲೀಟರ್, ದಿನಕ್ಕೆ ಸುಮಾರು 60 ಯೂನಿಟ್. ಮಾರಾಟಗಾರ ನಿಮ್ಮ ಹದಿನಾರು ಮನೆಗೆ 3,000 ಲೀಟರಿನ ಟಾಕಿ ಬರೆದಿದ್ದರೆ ಅವನು ಶವರ್ ಕೆಳಗೆ ಕಾಲು ಗಂಟೆ ನಿಲ್ಲುವವರನ್ನು ಲೆಕ್ಕ ಹಾಕಿದ್ದಾನೆ. ಶವರ್ ಇರುವ ಮನೆ ಎಷ್ಟು, ಇದ್ದರೂ ಬಳಸುವ ಮನೆ ಎಷ್ಟು ಎಂದು ಒಂದು ಸಂಜೆ ಬಾಗಿಲು ಬಾಗಿಲಿಗೆ ಹೋಗಿ ಕೇಳಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ. ಸರಾಸರಿಗೆ ಕಟ್ಟಿದ ವ್ಯವಸ್ಥೆ ನರಕ ಚತುರ್ದಶಿಯ ನಸುಕಿನಲ್ಲಿ ಕೈಕೊಡುತ್ತದೆ. ಎಣ್ಣೆ ಹಚ್ಚಿಕೊಂಡ ಹದಿನಾರೂ ಮನೆಯವರು ಒಂದೇ ತಾಸಿನೊಳಗೆ ನೀರು ಕೇಳುತ್ತಾರೆ. ಆ ಒಂದು ದಿನಕ್ಕಾಗಿ ಟಾಕಿ ಇಮ್ಮಡಿ ಮಾಡಬೇಕಿಲ್ಲ. ಹಿಂದಿನ ರಾತ್ರಿ 65 ಡಿಗ್ರಿಗೆ ಏರಿಸಿಟ್ಟರೆ ಅದೇ ನೀರು ಹೆಚ್ಚು ಬಕೀಟಾಗುತ್ತದೆ.

ಮನೆಗೊಂದು ಗೀಸರ್

ಇದರ ದೊಡ್ಡ ಗುಣ ಸ್ವಿಚ್ಚು ನಿಮ್ಮದು, ಮೀಟರು ನಿಮ್ಮದು, ಜಗಳವೂ ನಿಮ್ಮ ಮನೆಯೊಳಗಿನದು. 25 ಲೀಟರಿನ ಎರಡು ಕಿಲೋವ್ಯಾಟ್ ಗೀಸರ್ ಅರ್ಧ ತಾಸಿನಲ್ಲಿ ಕಾಯುತ್ತದೆ, ಒಂದು ಯೂನಿಟ್ಟಿನ ಮೇಲೆ ಚೂರು ಹೆಚ್ಚು ನುಂಗುತ್ತದೆ. ಊರಿಗೆ ಹೋದರೆ ಖರ್ಚು ಸೊನ್ನೆ. ಎಳ್ಳ ಅಮವಾಸ್ಯೆಗೆ ಅರ್ಧ ಕಟ್ಟಡ ಹೊಲದ ಹಾದಿ ಹಿಡಿದಾಗ ಉಳಿದವರು ಅವರ ನೀರು ಕಾಯಿಸಿದ ಬಿಲ್ಲು ಕಟ್ಟಬೇಕಾಗಿಲ್ಲ.

ಈಗ ಗೃಹಜ್ಯೋತಿಯ ಲೆಕ್ಕ ನೋಡಿ. 2023ರಿಂದ ಮನೆ ಬಳಕೆಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ, ಆದರೆ ನಿಮ್ಮ ಪಾಲು ಎಷ್ಟು ಎಂಬುದು ನಿಮ್ಮ ಹಳೆಯ ಸರಾಸರಿಯ ಮೇಲೆ ನಿಂತಿದೆ, ಮತ್ತು 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ. ಮೇಲೆ ಹೇಳಿದ ನಾಲ್ಕು ಮಂದಿಯ ಮನೆಗೆ ಚಳಿಗಾಲದಲ್ಲಿ ಗೀಸರಿಗೇ ತಿಂಗಳಿಗೆ 110 ಯೂನಿಟ್ಟಿನ ಆಸುಪಾಸು. ಫ್ರಿಜ್ಜು, ಟಿವಿ, ಮಿಕ್ಸಿ, ದೀಪ ಸೇರಿ 90ರೊಳಗೆ ಮುಗಿಸುವ, ಒಟ್ಟು ಬಳಕೆ ತನ್ನ ಪಾಲನ್ನು ದಾಟದ ಮನೆಗೆ ಗೀಸರ್ ಬಿಟ್ಟಿ ಬಿದ್ದ ಹಾಗೆ. 90ಕ್ಕಿಂತ ಹೆಚ್ಚು ಉರಿಸುವ ಮನೆಯಲ್ಲಿ ಅದೇ ಗೀಸರ್ 200ರ ಗೆರೆ ದಾಟಿಸುವ ಖಳನಾಯಕ. ಕಾಮನ್ ಮೀಟರಿಗೆ ಹಾಕಿದ, ಎಲ್ಲ ಮನೆಗೂ ಒಟ್ಟಿಗೆ ನೀರು ಕಾಯಿಸುವ ಸೆಂಟ್ರಲ್ ಯಂತ್ರಕ್ಕೆ ಈ ಸೌಲಭ್ಯ ಇಲ್ಲ. ಅದರ ಪ್ರತಿ ಯೂನಿಟ್ಟಿಗೂ ಸಂಘ ರೊಕ್ಕ ಕಟ್ಟಬೇಕು. ಹೀಗಾಗಿ ಕಾಗದದ ಮೇಲೆ ಮೂರು ಪಟ್ಟು ಕಡಿಮೆ ಕರೆಂಟು ಉಣ್ಣುವ ಯಂತ್ರವೂ ಕೆಲವು ಮನೆಗಳ ಜೇಬಿಗೆ ಭಾರವಾಗಿ ಕಾಣುವುದುಂಟು. ಸಭೆಯಲ್ಲಿ ಆ ಮನೆಯವರು ಕೈ ಎತ್ತದಿದ್ದರೆ ಅವರನ್ನು ಜಿಪುಣರು ಎನ್ನಬೇಡಿ.

ಗೀಸರಿನ ವೈರಿ ನಮ್ಮ ನೀರು. ಕಲಬುರಗಿಗೆ ಬೆಣ್ಣೆತೊರೆ, ಭೀಮೆಯ ನೀರು ಬಂದರೂ ಅಪಾರ್ಟ್‌ಮೆಂಟಿನ ಟಾಕಿಯಲ್ಲಿ ಬೋರಿನ ನೀರು ಬೆರೆಯದ ದಿನ ಕಡಿಮೆ. ಶಹಾಬಾದ್ ಕಲ್ಲು, ಸೇಡಂ ಸಿಮೆಂಟಿನ ಸುಣ್ಣದ ಕಲ್ಲು ಇರುವ ಜಿಲ್ಲೆಯಲ್ಲಿ ಬೋರಿನ ನೀರು ಗಡಸಾಗಿರುವುದು ಆಶ್ಚರ್ಯವಲ್ಲ. ನೀರು ಕಾದಷ್ಟೂ ಸುಣ್ಣ ಬೇಗ ಹೊರಬಂದು ಕಾಯಿಲಿಗೆ ಕಿಟ್ಟ ಕಟ್ಟುತ್ತದೆ. ಕಿಟ್ಟದೊಳಗೆ ಸಿಕ್ಕ ಕಾಯಿಲ್ ತನ್ನ ಶಾಖವನ್ನು ನೀರಿಗೆ ಬಿಡಲಾಗದೆ ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ 55ಕ್ಕೆ ಇಳಿಸಿ, ದೀಪಾವಳಿಗೆ ಮುಂಚೆ ಕಾಯಿಲ್ ಬಿಚ್ಚಿಸಿ ಕೆರೆಸಿ, ಜೊತೆಗಿರುವ ಆನೋಡ್ ಸರಳು ಸವೆದಿದ್ದರೆ ಬದಲಿಸಿ. ಆನೋಡ್ ಅಂದರೆ ಟಾಕಿಗೆ ತುಕ್ಕು ಹಿಡಿಯುವ ಬದಲು ತಾನು ಕರಗುವ ಮ್ಯಾಗ್ನೀಷಿಯಂ ಸರಳು. ಅದು ಪೂರ್ತಿ ಸವೆದ ಮೇಲೆ ಸವೆಯುವುದು ಟಾಕಿಯೇ.

ಹದಿನಾರು ಮನೆಯ ಗೀಸರ್ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಹಾಕಿದರೆ 32 ಕಿಲೋವ್ಯಾಟ್. ಹಳೆಯ ಕಟ್ಟಡದಲ್ಲಿ ವೈರಿಂಗ್ ಎರಡು ಕಿಲೋವ್ಯಾಟ್ ತಡೆಯುತ್ತದೆಯೇ, ಕರೆಂಟು ಪೂರೈಸುವ ಜೆಸ್ಕಾಂ ಮಂಜೂರು ಮಾಡಿದ ಲೋಡು ಎಷ್ಟು ಎಂದು ಮೊದಲು ನೋಡಿಸಬೇಕು.

ಗ್ಯಾಸ್ ಗೀಸರ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು 14.2 ಕಿಲೋ ಸಿಲಿಂಡರು ಐದು ಸಾವಿರ ಲೀಟರಿನಷ್ಟು ಹದವಾದ ನೀರು ಕೊಟ್ಟೀತು, ಕರೆಂಟ್ ಹೋದರೂ ನಡೆಯುತ್ತದೆ. ಆದರೆ ಅಪಾರ್ಟ್‌ಮೆಂಟಿನ ಬಚ್ಚಲಮನೆಯೊಳಗೆ ಅದು ಬೇಡವೇ ಬೇಡ. ಗಾಳಿ ಸಾಲದೆ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಳಗಿಂದ ಚಿಲಕ ಹಾಕಿಕೊಂಡವರಿಗೆ ಎದ್ದು ಬರುವ ಶಕ್ತಿ ಉಳಿಯುವುದಿಲ್ಲ. ಬಯಲಿಗೆ ತೆರೆದ ಯುಟಿಲಿಟಿ ಇದ್ದರೆ ಅಲ್ಲಿ ಹಾಕಿಸಿ ಪೈಪಿನಲ್ಲಿ ನೀರು ಒಳಗೆ ತನ್ನಿ. ಇಲ್ಲದಿದ್ದರೆ ಮರೆತುಬಿಡಿ.

ಮಾಳಿಗೆಯ ಮೇಲೆ ಸೋಲಾರ್

ರಾಜ್ಯದಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಎಂಬ ಆದೇಶ ಬಂದದ್ದು 2007ರಲ್ಲಿ. ಆದ್ದರಿಂದ ಬಿಲ್ಡರುಗಳು ಏನೋ ಒಂದನ್ನು ಮಾಳಿಗೆಯ ಮೇಲೆ ಇಟ್ಟೇ ಇರುತ್ತಾರೆ. ಎರಡು ಬಗೆ. ತಾಮ್ರದ ಪೈಪಿನ ಚಪ್ಪಟೆ ಪ್ಯಾನೆಲ್ ಗಟ್ಟಿಮುಟ್ಟು, ಆದರೆ ಅದರ ಸಣ್ಣ ಪೈಪುಗಳಲ್ಲಿ ನಮ್ಮ ನೀರಿನ ಕಿಟ್ಟ ಬೇಗ ಕಟ್ಟುತ್ತದೆ. ಗಾಜಿನ ನಳಿಗೆಯದು ಅಗ್ಗ, ಬಾಯಿ ಅಗಲ, ಕಿಟ್ಟ ತೆಗೆಯುವುದು ಸುಲಭ. ಆಲಿಕಲ್ಲು, ಮಂಗ, ಕ್ರಿಕೆಟ್ ಚೆಂಡು ಇದರ ಶತ್ರುಗಳು. ಬೋರಿನ ನೀರು ಇರುವ ಕಡೆ ಗಾಜಿನದೇ ವಾಸಿ. ಬೇಸಿಗೆಯಲ್ಲಿ ನೀರಿಲ್ಲದೆ ಒಣ ನಳಿಗೆ ಕಾದು ನಿಂತಾಗ ಮಧ್ಯಾಹ್ನ ತಣ್ಣೀರು ಬಿಟ್ಟರೆ ಒಡೆಯುತ್ತದೆ ಎಂಬುದನ್ನು ಮಾತ್ರ ವಾಚ್‌ಮನ್‌ಗೆ ತಿಳಿಸಿ ಹೇಳಿರಬೇಕು. ಏಪ್ರಿಲ್ ಬಂದರೆ ಟಾರ್ಪಾಲು ಮುಚ್ಚುವುದೇ ಕ್ಷೇಮ.

ಮನೆಗೊಂದು ಸಣ್ಣ ಸೋಲಾರ್, ಮನೆಗೊಂದು ಪೈಪು ಎಂಬ ಏರ್ಪಾಟು ಕೇಳಲು ನ್ಯಾಯವಾಗಿದೆ. ಕಷ್ಟ ಪೈಪಿನ ಉದ್ದದಲ್ಲಿದೆ. 25 ಮಿಲಿಮೀಟರ್ ಪೈಪಿನಲ್ಲಿ ಮೀಟರಿಗೆ ಅರ್ಧ ಲೀಟರ್ ನೀರು ಕೂತಿರುತ್ತದೆ. ಮೊದಲ ಮಹಡಿಯ ಮನೆಗೆ 25 ಮೀಟರ್ ಇಳಿದು ಬರಬೇಕಾದರೆ ಹನ್ನೆರಡು ಲೀಟರ್ ತಣ್ಣೀರು ಚೆಲ್ಲಿದ ಮೇಲೆ ಬಿಸಿ ಬರುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಊರಿನಲ್ಲಿ ಪ್ರತಿ ಬೆಳಿಗ್ಗೆ ಪ್ರತಿ ಬಚ್ಚಲಿನಲ್ಲಿ ಅರ್ಧ ಬಕೀಟಿಗೂ ಹೆಚ್ಚು. ಮೇಲಿನ ಎರಡು ಮಹಡಿಗೆ ಇದು ಚೆನ್ನ, ಕೆಳಗಿನವರಿಗೆ ಅಲ್ಲ. ಹೀಗೆಯೇ ಮೇಲಿನವರು ಸೋಲಾರ್, ಕೆಳಗಿನವರು ಗೀಸರ್ ಎಂದು ಒಪ್ಪಿಕೊಂಡು ಮಾಳಿಗೆಯ ಜಾಗ ಬಿಟ್ಟುಕೊಟ್ಟದ್ದಕ್ಕೆ ಕೆಳಗಿನವರ ಮೇಂಟೆನೆನ್ಸಿನಲ್ಲಿ ತುಸು ಕಡಿಮೆ ಮಾಡಿಕೊಂಡರೆ ಅದು ಅತ್ಯಂತ ಅಗ್ಗದ ರಾಜಿ.

ಸೆಂಟ್ರಲ್ ಸೋಲಾರ್‌ನಲ್ಲಿ ಟಾಕಿ ಒಂದೇ, ಮೋಡ ಕವಿದ ದಿನಕ್ಕೆ ಒಳಗೆ ಕರೆಂಟ್ ಕಾಯಿಲ್. ಎಲ್ಲ ಬಿಲ್ಲಿನ ಗೋಳು ಶುರುವಾಗುವುದು ಆ ಕಾಯಿಲಿನಿಂದ. ಟೈಮರ್ ಇಲ್ಲದೆ ಬರೀ ಥರ್ಮೋಸ್ಟಾಟ್ ಮೇಲೆ ಬಿಟ್ಟರೆ ಬೆಳಿಗ್ಗೆ ಒಂಬತ್ತಕ್ಕೆ ಟಾಕಿ ಖಾಲಿಯಾದ ಕೂಡಲೇ ಕಾಯಿಲ್ ಹತ್ತಿಕೊಳ್ಳುತ್ತದೆ, ಬಿಸಿಲು ಬಿಟ್ಟಿಯಾಗಿ ಕಾಯಿಸಬೇಕಾದ ನೀರನ್ನು ರೊಕ್ಕ ಕೊಟ್ಟು ಕಾಯಿಸುತ್ತದೆ. ಸಂಜೆ ಆರಕ್ಕೆ ಟಾಕಿಯ ಬಿಸಿ ಎಷ್ಟಿದೆ ನೋಡಿ, ಕಡಿಮೆ ಇದ್ದರಷ್ಟೇ ನಸುಕಿನ ನಾಲ್ಕಕ್ಕೆ ಕಾಯಿಲ್ ಹತ್ತುವಂತೆ ಕಟ್ಟಬೇಕು. ಸೋಲಾರ್ ಇದ್ದೂ ಕಾಮನ್ ಬಿಲ್ಲು ಏರಿದ ಕಟ್ಟಡಗಳಲ್ಲಿ ಮೊದಲು ಕೈಯಿಟ್ಟು ನೋಡಬೇಕಾದದ್ದು ಈ ಟೈಮರನ್ನೇ.

ಹೀಟ್ ಪಂಪ್

ಎಸಿಯನ್ನು ತಿರುಗಿಸಿಟ್ಟ ಯಂತ್ರ ಇದು: ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ಟಿನಷ್ಟು ಶಾಖ. ಗಾಳಿ ಬೆಚ್ಚಗಿದ್ದಷ್ಟೂ ಚೆನ್ನಾಗಿ ದುಡಿಯುವುದರಿಂದ ನಮ್ಮ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಡಿಸೆಂಬರಿನ ಮಧ್ಯಾಹ್ನ ಓಡಿಸಿದರಂತೂ ಇನ್ನೂ ಲಾಭ. ಹದಿನಾರು ಮನೆಯ 60 ಯೂನಿಟ್ ಶಾಖಕ್ಕೆ ಇದು 20 ಯೂನಿಟ್ ಕೇಳುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ದಿನಕ್ಕೆ 120 ರೂಪಾಯಿ, ಮನೆಗೆ ಏಳೂವರೆ.

ಮಾಳಿಗೆಯ ಜಾಗದ ಲೆಕ್ಕವೂ ಕುತೂಹಲದ್ದು. ಹತ್ತು ಚದರ ಮೀಟರಿನಲ್ಲಿ ಕರೆಂಟ್ ಮಾಡುವ ಸೋಲಾರ್ ಹಾಕಿದರೆ ಒಂದು ಕಿಲೋವ್ಯಾಟ್, ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು. ಹೀಟ್ ಪಂಪಿಗೆ ಕೊಟ್ಟರೆ ಹನ್ನೆರಡು ಯೂನಿಟ್ ಶಾಖ, ಅಂದರೆ 250 ಲೀಟರ್ ಕಾದ ನೀರು. ಅದೇ ಜಾಗದಲ್ಲಿ ನೀರು ಕಾಯಿಸುವ ಪ್ಯಾನೆಲ್ ಹಾಕಿದರೆ ಇದರ ಸುಮಾರು ಇಮ್ಮಡಿ ನೀರು ಸಿಗುತ್ತದೆ, ಒಪ್ಪೋಣ. ಆದರೆ ಏಪ್ರಿಲಿನಿಂದ ಜೂನಿನವರೆಗೆ ನೀರು ಕಾಯಿಸುವ ಪ್ಯಾನೆಲ್ ಟಾರ್ಪಾಲಿನಡಿ ಮಲಗಿದಾಗ ಕರೆಂಟಿನ ಪ್ಯಾನೆಲ್ ಲಿಫ್ಟು, ನೀರಿನ ಮೋಟಾರು ಓಡಿಸುತ್ತಿರುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಈ ಒಂದು ಕಾರಣಕ್ಕೇ ನನ್ನ ಮತ ಕರೆಂಟಿನ ಪ್ಯಾನೆಲ್ಲಿಗೆ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸಂಘಗಳ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿಯೂ ಇಟ್ಟಿದ್ದಾರೆ.

ಹೀಟ್ ಪಂಪಿನ ಕೊರತೆ ಎಂದರೆ ಕೆಟ್ಟಾಗ ರಿಪೇರಿಗೆ ಬರುವವರು. ಕಂಪ್ರೆಸರ್ ನೋಡಲು ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಮನುಷ್ಯ ಬರಬೇಕಾದರೆ ಆ ವಾರ ಹದಿನಾರು ಮನೆಯೂ ಹೀಟರ್ ರಾಡ್ ಹುಡುಕಬೇಕು. ಊರಿನಲ್ಲಿಯೇ ಸರ್ವೀಸ್ ಇರುವ ಕಂಪನಿಯದನ್ನು, ಸಾಧ್ಯವಾದರೆ ದೊಡ್ಡದೊಂದರ ಬದಲು ಸಣ್ಣವೆರಡನ್ನು ಕೊಳ್ಳುವುದು ಜಾಣತನ. ಸೆಂಟ್ರಲ್‌ಗೆ ಇನ್ನೊಂದು ಅನುಕೂಲವಿದೆ: ಕಿಟ್ಟ ತಡೆಯುವ ಸಾಫ್ಟನರ್ ಒಂದೇ ಕಡೆ ಕೂರಿಸಿದರೆ ಸಾಕು.

ಪೈಪು, ಟೈಮರು, ಕೀಲಿ

ಸೆಂಟ್ರಲ್ ವ್ಯವಸ್ಥೆ ಗೆಲ್ಲುವುದೂ ಸೋಲುವುದೂ ಪೈಪಿನಲ್ಲಿ. ನಳ ತಿರುಗಿಸಿದ ಕೂಡಲೇ ಬಿಸಿ ಬರಬೇಕಾದರೆ ನೀರು ಕೆಳಗಿಳಿದು ಮತ್ತೆ ಮೇಲೇರಿ ಟಾಕಿಗೆ ಮರಳುವ ರಿಟರ್ನ್ ಲೈನು, ಅದನ್ನು ತಳ್ಳುವ ಸಣ್ಣ ಪಂಪು ಬೇಕು. ಈಗ ಲೆಕ್ಕ ಹಾಕಿ. ಹೊದಿಕೆಯಿಲ್ಲದ ಬಿಸಿನೀರಿನ ಪೈಪು ಮೀಟರಿಗೆ 30 ವ್ಯಾಟಿನಷ್ಟು ಶಾಖ ಸೋರಿಸುತ್ತದೆ. ನೂರು ಮೀಟರ್ ಪೈಪಿದ್ದು ಪಂಪು ಹಗಲೂ ರಾತ್ರಿ ಓಡಿದರೆ ದಿನಕ್ಕೆ 72 ಯೂನಿಟ್ ಶಾಖ ಗೋಡೆಗೆ ಹೋಯಿತು. ಹದಿನಾರು ಮನೆ ಜಳಕ ಮಾಡಿದ್ದು 60 ಯೂನಿಟ್ಟಿನಲ್ಲಿ! ಒಳ್ಳೆಯ ಫೋಮ್ ಹೊದಿಕೆ ಹಾಕಿದರೆ ಸೋರಿಕೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಂಪನ್ನು ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ ತನಕ ಮಾತ್ರ ಓಡಿಸಿದರೆ ಅದರಲ್ಲೂ ಆರನೇ ಒಂದು. ಹೊದಿಕೆ ಮತ್ತು ಟೈಮರಿಗೆ ತಗಲುವುದು ಇಡೀ ಖರ್ಚಿನಲ್ಲಿ ಚಿಲ್ಲರೆ ರೊಕ್ಕ, ಆದರೂ ಎಸ್ಟಿಮೇಟಿನಲ್ಲಿ ಮೊದಲು ಹೊಡೆದುಹಾಕುವುದು ಅವನ್ನೇ. ಪೈಪು ಬಿಸಿ ತಡೆಯುವ ಸಿಪಿವಿಸಿ ಇರಲಿ. ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ.

ಮಿಕ್ಸರ್ ನಳದ ಬಳಿ ಇನ್ನೊಂದು ಹೊಂಚು ಕಾದಿರುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಶರ್ ಪಂಪ್ ಹಾಕಿಸಿದ ಮನೆಯಲ್ಲಿ ತಣ್ಣೀರು ಮಿಕ್ಸರ್ ಮೂಲಕ ಬಿಸಿ ಲೈನಿಗೆ ನುಗ್ಗಿ ಪಕ್ಕದ ಮನೆಯ ನಳದಲ್ಲಿ ಉಗುರು ಬೆಚ್ಚಗಾಗಿ ಹೊರಬರುತ್ತದೆ. ಸೆಂಟ್ರಲ್ ನೀರು ಕಾಯುತ್ತಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಪ್ರತಿ ಮನೆಯ ಬಿಸಿ ಲೈನಿಗೆ ಒಂದು ಎನ್‌ಆರ್‌ವಿ, ಅಂದರೆ ನೀರನ್ನು ಹಿಂದಕ್ಕೆ ಬಿಡದ ವಾಲ್ವ್ ಹಾಕಿಸಿದರೆ ಮುಗಿಯಿತು.

ದೊಡ್ಡ ಟಾಕಿಯ ನೀರನ್ನು ಉಗುರು ಬೆಚ್ಚಗೆ ದಿನಗಟ್ಟಲೆ ಬಿಡಬಾರದು. 20ರಿಂದ 45 ಡಿಗ್ರಿಯ ನಡುವೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಶ್ವಾಸಕೋಶಕ್ಕೆ ಬರುವುದು ನೀರಿನ ತುಂತುರಿನ ಮೂಲಕ. ಟಾಕಿ 60 ಡಿಗ್ರಿಯಲ್ಲಿರಲಿ. ಬೇಸಿಗೆಗೆ ನಿಲ್ಲಿಸುವಾಗ ಪೂರ್ತಿ ಬಸಿದುಬಿಡಿ, ದೀಪಾವಳಿಗೆ ತೆರೆಯುವಾಗ ಒಮ್ಮೆ ಚೆನ್ನಾಗಿ ಕಾಯಿಸಿ ಲೈನೆಲ್ಲ ತೊಳೆದ ಮೇಲೆ ಮನೆಗೆ ಬಿಡಿ.

ಕೀಲಿ ವಾಚ್‌ಮನ್ ಕೈಯಲ್ಲಿದ್ದರೆ ಯಾರು ಹೆಚ್ಚು ಗದರಿಸುತ್ತಾರೋ ಅವರ ಹೊತ್ತಿಗೆ ನೀರು ಕಾಯುತ್ತದೆ. ಹೊತ್ತು ಸಭೆಯಲ್ಲಿ ಗೊತ್ತುಮಾಡಿ, ಟೈಮರ್ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಕಾರ್ಯದರ್ಶಿಯ ಬಳಿ ಇಡಿ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಬಾಣಂತಿ ಇರುವ ಮನೆಗೆ ಬೇರೆ ಹೊತ್ತಿನಲ್ಲಿ ನೀರು ಬೇಕಾಗುತ್ತದೆ. ಅವರಿಗಾಗಿ ಇಡೀ ಲೈನು ಕಾಯಿಸುವುದಕ್ಕಿಂತ ಬಚ್ಚಲಿನಲ್ಲಿ ಸಣ್ಣ ಗೀಸರಿಗೆ ಪಾಯಿಂಟ್ ಬಿಟ್ಟಿರುವುದು ಅಗ್ಗ.

ರೊಕ್ಕ ಹೇಗೆ ಹಂಚುವುದು

‘ನಮ್ಮನ್ಯಾಗ ನಾವಿಬ್ರೇ ಇದ್ದೀವ್ರಿ, ಅವರ ಮನ್ಯಾಗ ಏಳು ಮಂದಿ. ಸಮ ರೊಕ್ಕ ಯಾಕ ಕೊಡಬೇಕು?’ ಪ್ರತಿ ಸಂಘದ ಸಭೆಯಲ್ಲೂ ಈ ಮಾತು ಏಳುತ್ತದೆ, ಅದಕ್ಕೆ ಸರಿಯಾದ ಉತ್ತರವೂ ಇಲ್ಲ. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ ಪ್ರಕಾರ ಕಾಮನ್ ಖರ್ಚು ಹಂಚುವುದು ಅವಿಭಜಿತ ಪಾಲಿನ ಶೇಕಡಾವಾರಿನಲ್ಲಿ. ಗೇಟಿನ ದೀಪಕ್ಕೆ, ಲಿಫ್ಟಿಗೆ ಇದು ಒಪ್ಪುತ್ತದೆ. ಬಿಸಿನೀರಿಗೆ ಒಪ್ಪುವುದಿಲ್ಲ, ಏಕೆಂದರೆ ತಾನು ಉಳಿಸಿದ್ದು ಊರಿಗೆಲ್ಲ ಹಂಚಿಹೋಗುತ್ತದೆ ಎಂದು ಗೊತ್ತಾದ ಮೇಲೆ ಯಾರೂ ಉಳಿಸುವುದಿಲ್ಲ.

ಈ ಗಂಟನ್ನು ಜರ್ಮನಿಯವರು 1981ರಲ್ಲೇ ಕಾನೂನಿನಿಂದ ಬಿಡಿಸಿದರು. ಅಲ್ಲಿ ಸೆಂಟ್ರಲ್ ಹೀಟಿಂಗ್, ಬಿಸಿನೀರಿನ ಖರ್ಚಿನಲ್ಲಿ ಕನಿಷ್ಠ ಅರ್ಧವನ್ನು, ಹೆಚ್ಚೆಂದರೆ ಶೇ. 70ನ್ನು ಬಳಸಿದಷ್ಟಕ್ಕೆ ಹಾಕಬೇಕು. ಉಳಿದದ್ದು ಮನೆಯ ವಿಸ್ತೀರ್ಣದ ಮೇಲೆ. ಪೂರ್ತಿ ಮೀಟರಿನ ಮೇಲೆ ಯಾಕೆ ಬಿಟ್ಟಿಲ್ಲ ಎಂಬುದರಲ್ಲೇ ಜಾಣ್ಮೆಯಿದೆ: ಪೈಪಿನಲ್ಲಿ ಸೋರುವ ಶಾಖ, ಯಂತ್ರದ ರಿಪೇರಿ ನೀವು ಜಳಕ ಮಾಡಿದರೂ ಬಿಟ್ಟರೂ ಇದ್ದೇ ಇರುತ್ತದೆ. ನಮ್ಮಲ್ಲಿ 40 ಪಾಲು ಎಲ್ಲರಿಗೂ ಸಮ, 60 ಪಾಲು ಮೀಟರಿನ ಪ್ರಕಾರ ಎಂದರೆ ಬಹುಪಾಲು ಸಭೆಗಳು ಒಪ್ಪಬಹುದು.

ತೊಡಕು ಮೀಟರು ಕೂರಿಸುವುದರಲ್ಲಿ. ನಮ್ಮ ಕಟ್ಟಡಗಳಲ್ಲಿ ಬಿಸಿ ಪೈಪು ಬಚ್ಚಲಿಗೊಂದರಂತೆ ಡಕ್ಟಿನಲ್ಲಿ ಇಳಿಯುತ್ತದೆ. ಎರಡು ಬಚ್ಚಲ ಮನೆಗೆ ಎರಡು ಕಡೆ ಪ್ರವೇಶ, ಎರಡು ಮೀಟರು. ಕಟ್ಟುವಾಗಲೇ ಮನೆಗೊಂದೇ ಪ್ರವೇಶ ಕೇಳಿದರೆ ಅರ್ಧ ಖರ್ಚು ತಪ್ಪುತ್ತದೆ. ಮೀಟರು ಬಿಸಿನೀರಿನದೇ ಆಗಿರಲಿ, 90 ಡಿಗ್ರಿ ತಡೆಯುವಂಥದು, ಮುಂದೆ ಒಂದು ಜಾಲರಿ ಇರಲಿ. ರಿಟರ್ನ್ ಲೈನು ಇಲ್ಲದ ಕಡೆ ಮೀಟರು ಹಾಕುವುದು ಅನ್ಯಾಯ: ಲೈನಿನ ತುದಿಯ ಮನೆಯವರು ಚೆಲ್ಲುವ ತಣ್ಣೀರಿಗೂ ಬಿಸಿಯ ದರ ಬೀಳುತ್ತದೆ.

ಯಾರಿಗೆ ಯಾವುದು

ಬಿಸಿ ಲೈನು ಇಲ್ಲದೆ ಕಟ್ಟಿ ಮುಗಿದ ಕಟ್ಟಡ ಯಾವ ಊರಿನಲ್ಲಿದ್ದರೂ ಗೀಸರಿಗೇ ನಿಲ್ಲಲಿ. ಟೈಲ್ಸ್ ಒಡೆದು ಸೆಂಟ್ರಲ್ ಮಾಡುವುದು ನಾಲ್ಕು ತಿಂಗಳ ಚಳಿಗೆ ದುಬಾರಿ ಸಾಹಸ. ಕಲಬುರಗಿ, ಯಾದಗಿರಿಯ ಹೊಸ ಕಟ್ಟಡದಲ್ಲೂ ನಾನಾದರೆ ಗೀಸರ್ ಮತ್ತು ಮಾಳಿಗೆಯ ಮೇಲೆ ಕರೆಂಟಿನ ಸೋಲಾರನ್ನೇ ಆರಿಸುವೆ. ಸೋಲಾರ್ ಹೀಟರಿನ ನಿಯಮ ಪಾಲಿಸಲು ಹಾಕಿದ್ದನ್ನು ಮೇಲಿನ ಎರಡು ಮಹಡಿಗೆ ಕೊಟ್ಟರಾಯಿತು. ಬೀದರಿನ ಮಾತು ಬೇರೆ. ಸಮುದ್ರ ಮಟ್ಟದಿಂದ 700 ಮೀಟರಿನಷ್ಟು ಎತ್ತರದ ಊರು, ಕೆಲವು ವರ್ಷ ಡಿಸೆಂಬರ್, ಜನವರಿಯ ನಸುಕು ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಮಳೆಗಾಲದಲ್ಲೂ ಬಿಸಿನೀರು ಕೇಳುವವರಿದ್ದಾರೆ. ಅಲ್ಲಿ ಹದಿನಾರು ಮನೆ ಮೀರಿದ ಹೊಸ ಕಟ್ಟಡಕ್ಕೆ ಮೀಟರಿರುವ ಸೆಂಟ್ರಲ್ ಹೀಟ್ ಪಂಪ್ ಕಟ್ಟಬಹುದು. ಹಾಸ್ಟೆಲ್, ನೌಕರರ ವಸತಿಗೃಹಗಳಿಗೆ ಮೂರು ಊರಿನಲ್ಲೂ ಸೆಂಟ್ರಲ್ಲೇ ಸರಿ. ಅಲ್ಲಿ ಬಿಲ್ಲು ಕಟ್ಟುವ ಕೈ ಒಂದೇ, ಹಂಚುವ ತಲೆನೋವಿಲ್ಲ.

ಸೆಂಟ್ರಲ್ ಎಂದು ಠರಾವಾದರೆ ಬಿಲ್ಡರನ ಕಾಗದದಲ್ಲಿ ಇವಿಷ್ಟು ಬರೆದಿರಬೇಕು: ರಿಟರ್ನ್ ಲೈನು, ಪೈಪಿನ ಹೊದಿಕೆಯ ದಪ್ಪ, ಮನೆಗೊಂದೇ ಪ್ರವೇಶ, ಎನ್‌ಆರ್‌ವಿ, ಯಂತ್ರಕ್ಕೆ ಪ್ರತ್ಯೇಕ ಸಬ್‌ಮೀಟರು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದಿಲ್ಲದೆ ಬಿಸಿನೀರಿನ ಕರೆಂಟು ಲಿಫ್ಟಿನ ಬಿಲ್ಲಿನೊಳಗೆ ಸೇರಿಹೋಗಿ, ಮುಂದಿನ ಸಭೆಯಲ್ಲಿ ಹಂಚಲು ಅಂಕಿಯೇ ಇರುವುದಿಲ್ಲ.